ತೊಲೆ ಮುಟ್ಟುವ ನಿದ್ದೆ

ನಮ್ಮ ಊರಿನಲ್ಲಿ ಯಾರ ಮನೆಯಲ್ಲೂ ಸೀಲಿಂಗ್ ಫ್ಯಾನ್ ಇಲ್ಲ. ಬೇಸಿಗೆಯಲ್ಲಿ ಬೆವರಿ ಒದ್ದೆಯಾಗುತ್ತೇವೆಯೇ ಹೊರತು ಆ ಸಾಹಸಕ್ಕೆ ಯಾರೂ ಕೈ ಹಾಕುವುದಿಲ್ಲ. ಕಣ್ಣು ಹತ್ತಿದ ಕೂಡಲೇ ಮನುಷ್ಯರು ಹಾಸಿಗೆ ಬಿಟ್ಟು ಮೇಲೇರುವ ಊರಿನಲ್ಲಿ, ತಲೆಯ ಮೇಲೆ ರೆಕ್ಕೆ ತಿರುಗಿಸಿಕೊಂಡು ಯಾರು ಮಲಗುತ್ತಾರೆ? ಮೂಲೆಯಲ್ಲೊಂದು ಟೇಬಲ್ ಫ್ಯಾನ್, ಕಾಲಿಗೊಂದು ನೂಲಿನ ಹಗ್ಗ, ಮಾಳಿಗೆಗೆ ಬಡಿದ ಹತ್ತಿಯ ಮೇಲ್ಹಾಸು, ಇಷ್ಟಿದ್ದರೆ ನಮ್ಮ ಕಡೆ ಸಂಸಾರ ಹೂಡಬಹುದು. ಬಸ್ಸುಗಳ ಒಳಗೂ ಮೇಲ್ಹಾಸು ಬಡಿದಿರುತ್ತಾರೆ. ಮಧ್ಯಾಹ್ನದ ಬಸ್ಸಿನಲ್ಲಿ ಅರ್ಧ ಜನ ಸೀಟಿನಲ್ಲಿದ್ದರೆ ಅರ್ಧ ಜನ ಮೇಲಿರುತ್ತಾರೆ. ಕಂಡಕ್ಟರ್ ಒಂದೊಂದೇ ಹಗ್ಗ ಜಗ್ಗುತ್ತಾ, "ಸ್ವಾಮಿ, ಇಳೀರಿ, ನಿಮ್ಮ ಸ್ಟಾಪ್ ಬಂತು" ಎನ್ನುತ್ತಾನೆ. ಎಚ್ಚರವಾದವರು ಮೆಲ್ಲಗೆ ಇಳಿದು ಬಂದು, ಚಪ್ಪಲಿ ಹುಡುಕಿಕೊಂಡು ಹೋಗುತ್ತಾರೆ.

ಆದರೆ ಇಳಿಯುವುದು ಬೇರೆ, ಬೀಳುವುದು ಬೇರೆ. ಎತ್ತರಕ್ಕೆ ಏರಿ ಅಲ್ಲೇ ನಿಲ್ಲುವವರ ಮನಸ್ಸು ಹಗುರವಂತೆ. ನಡುವೆ ಧೊಪ್ಪೆಂದು ಬೀಳುವವರ ಮನಸ್ಸಿನಲ್ಲಿ ಏನೋ ಭಾರವಿರುತ್ತದಂತೆ. ಭಾರ ಎಂದರೆ ಇನ್ನೇನು, ಪಾಪ. ಪಕ್ಕದ ಮನೆಯಿಂದ ಧೊಪ್ ಎಂದು ಸದ್ದು ಕೇಳಿದರೆ ಸಾಕು, ನಮ್ಮ ಬೀದಿಯ ಹೆಂಗಸರು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಾನೂ ನೋಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಇಂಥ ಊರಿನಲ್ಲಿ ನನ್ನ ಅತ್ತೆ ದೇವೀರಮ್ಮನವರ ಹೆಸರೆಂದರೆ ಹೆಸರು. ನಮ್ಮದು ಹಳೆಯ ಕಾಲದ ಎತ್ತರದ ಮಾಳಿಗೆಯ ಮನೆ. ಮಧ್ಯಾಹ್ನ ಊಟ ಮಾಡಿ ಅತ್ತೆ ನಡುಮನೆಯಲ್ಲಿ ಅಡ್ಡಾದರೆ ಗುಬ್ಬಿಯ ಗರಿಯ ಹಾಗೆ ಮೇಲೇರಿ, ಮಾಳಿಗೆಯ ದೊಡ್ಡ ತೊಲೆಗೆ ಮೂಗು ತಾಗಿಸಿಕೊಂಡು ಮಲಗುತ್ತಿದ್ದರು. ಆ ತೊಲೆಯ ಜೇಡರ ಬಲೆ ತೆಗೆಯುವ ಕೆಲಸ ಮಾತ್ರ ನನ್ನದು. "ನಿನ್ನೆ ಮೂಗಿಗೆ ಧೂಳು ಮೆತ್ಕೊಂತು ಕಣೇ ಮಂಗಳ, ಸೊಸೆ ಇರೋ ಮನೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗತ್ತೆ" ಎನ್ನುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. "ಅಷ್ಟು ಮೇಲೆ ಹೋಗೋರು ಹಾಗೇ ಒಂದು ಬಟ್ಟೆ ತಗೊಂಡು ಹೋಗಿ ಅತ್ತೆ" ಎನ್ನುತ್ತಿದ್ದೆ. ನಮ್ಮಿಬ್ಬರದೂ ಎಣ್ಣೆ ಸೀಗೇಕಾಯಿಯ ಸಂಬಂಧ. ಆದರೆ ಅವರಿಲ್ಲದ ಮನೆಯಲ್ಲಿ ನನಗೆ ಒಂದು ಹೊತ್ತು ಕಳೆಯುವುದೂ ಕಷ್ಟ.

ಅವರ ದೊಡ್ಡಸ್ತಿಕೆಗೆ ಇನ್ನೊಂದು ಕಾರಣವಿತ್ತು. ನಮ್ಮಲ್ಲಿ ಧಾರೆಯ ಮಾರನೆಯ ದಿನ ಊಟಕ್ಕೆ ಮುಂಚೆ ನಿದ್ದೆಗಂಟಿನ ಶಾಸ್ತ್ರ ಮಾಡುತ್ತಾರೆ. ಹೆಣ್ಣುಗಂಡಿನ ಕಾಲುಗಳನ್ನು ಒಂದೇ ಹಗ್ಗದಲ್ಲಿ ಸೇರಿಸಿ ಕಟ್ಟುತ್ತಾರೆ. ಕಟ್ಟುವ ಹೆಂಗಸು ಎತ್ತರದ ನಿದ್ದೆಯವಳಾಗಿರಬೇಕು. ಗಂಟು ಹಾಕಿದ ಮೇಲೆ ಅವಳು ಎಲ್ಲರ ಮುಂದೆ ಬರೀ ಚಾಪೆಯ ಮೇಲೆ ಮಲಗಿ, ಹಗ್ಗವಿಲ್ಲದೆ ಮಾಳಿಗೆ ಮುಟ್ಟಿ ದಾರಿ ತೋರಿಸಬೇಕು. ಆಮೇಲೆ ಹೆಣ್ಣುಗಂಡು ಕಣ್ಣು ಮುಚ್ಚುತ್ತಾರೆ. ಅವಳು ಇಳಿದು ಬರುವವರೆಗೆ ಯಾರೂ ಎಲೆಗೆ ಕೂರುವಂತಿಲ್ಲ. ಊರಿನ ಅರ್ಧಕ್ಕರ್ಧ ಸಂಸಾರಗಳ ಗಂಟು ಅತ್ತೆಯ ಕೈಯದೇ. ಗಂಡ ಹೆಂಡಿರು ಜಗಳವಾಡಿದರೆ ನೇರವಾಗಿ ನಮ್ಮ ಮನೆಗೆ ಬಂದು, "ನೀವೇ ಕಟ್ಟಿದ್ದು, ನೀವೇ ಹೇಳಿ" ಎಂದು ಕೂರುತ್ತಿದ್ದರು.

ಅಂಥ ಅತ್ತೆ ಒಂದು ಮಧ್ಯಾಹ್ನ ಬಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ತೊಲೆಯೇ ಕಳಚಿತೇನೋ ಎಂದು ಓಡಿ ಬಂದರೆ ಅವರು ಹಾಸಿಗೆಯ ಮೇಲೆ ಎದ್ದು ಕೂತು ಏದುಸಿರು ಬಿಡುತ್ತಿದ್ದರು. "ಬೆಕ್ಕು" ಎಂದರು. ನಮ್ಮ ಮನೆಯಲ್ಲಿ ಬೆಕ್ಕಿರಲಿಲ್ಲ. ಮಾರನೆಯ ದಿನವೂ ಬೆಕ್ಕು ಬಂತು. ಆಮೇಲೆ ದಿನಕ್ಕೆ ಎಷ್ಟೋ ಸಲ ಬರತೊಡಗಿತು. ಅತ್ತೆ ಯಾವ ಪಾಪ ಮಾಡಿರಬಹುದು ಎಂದು ಪಾತ್ರೆ ತೊಳೆಯುತ್ತಾ ಯೋಚಿಸಿದೆ. ನನಗೆ ಮಾಡಿದ್ದೇ ಸಾಕಷ್ಟು ನೆನಪಾಯಿತು. ಆದರೆ ಸೊಸೆಗೆ ಕಾಟ ಕೊಟ್ಟವರೆಲ್ಲ ಬೀಳುವುದಾದರೆ ಊರಿನಲ್ಲಿ ಒಂದು ಮನೆಯ ನೆಲವೂ ನೆಟ್ಟಗಿರುತ್ತಿರಲಿಲ್ಲ.

ನನ್ನ ಗಂಡ ಪರಶಿವಮೂರ್ತಿಯವರದು ಹಾಸಿಗೆ ಅಂಗಡಿ. ಹತ್ತಿ ಹಿಂಜಿಸಿ ಮೇಲ್ಹಾಸು, ಕೆಳಹಾಸಿಗೆ ಎರಡನ್ನೂ ಹೊಲಿಯುತ್ತಾರೆ. ಅತ್ತೆ ಮಗನನ್ನು ಕರೆದು, "ಹಾಸಿಗೆ ತೆಳ್ಳಗಾಗಿದೆ, ಇನ್ನೊಂದು ಪದರ ಹಾಕು" ಎಂದರು. ಅವರು ಹಾಕಿದರು. ಮುಂದಿನ ತಿಂಗಳು ಇನ್ನೊಂದು, ಅದರ ಮೇಲೆ ಇನ್ನೊಂದು. ಹಾಸಿಗೆ ನನ್ನ ಸೊಂಟದೆತ್ತರಕ್ಕೆ ಬೆಳೆಯಿತು. ಅತ್ತೆ ಅದನ್ನು ಹತ್ತಲು ಮಣೆ ಇಟ್ಟುಕೊಂಡರು. ಸದ್ದು ಮಾತ್ರ ನಿಂತಿತು. ಬೀಳುವುದು ಕೇಳಿಸದಿದ್ದರೆ ಬಿದ್ದ ಹಾಗಲ್ಲ ಎಂದು ನಾವು ಮೂವರೂ ಒಪ್ಪಿಕೊಂಡು ನೆಮ್ಮದಿಯಾಗಿದ್ದೆವು. ಹಾಸಿಗೆ ಅಂಗಡಿಯವರ ಬುದ್ಧಿ ಹಾಸಿಗೆಯಾಚೆ ಹೋಗುವುದಾದರೂ ಹೇಗೆ?

ಅತ್ತೆಯ ಮೈಯಲ್ಲಿ ಬೇರೆ ಬೇರೆ ತೊಂದರೆಗಳು ಕಾಣಿಸಿಕೊಂಡಿದ್ದೂ ಆಗಲೇ. ಬೆಳಗ್ಗೆ ಏಳುವಾಗಲೇ ತಲೆನೋವು. ಬಿ.ಪಿ.ಗೆ ಒಂದು ಗುಳಿಗೆ ಇದ್ದದ್ದು ಎರಡಾಗಿ, ಮೂರಾಯಿತು. ಸಕ್ಕರೆ ಕಾಯಿಲೆ ಬಂತು. ಕಾಫಿಗೆ ಸಕ್ಕರೆ ಬಿಟ್ಟರು, ಅನ್ನ ಬಿಟ್ಟು ಚಪಾತಿ ಹಿಡಿದರು, ಆದರೂ ಎರಡೂ ಇಳಿಯಲಿಲ್ಲ. ಇನ್ನು ತೂಕಡಿಕೆಯನ್ನಂತೂ ಕೇಳಲೇಬೇಡಿ. ಅವರೆಕಾಯಿ ಸುಲಿಯುತ್ತಾ ನನ್ನ ತವರಿನವರನ್ನು ಬೈಯುತ್ತಿದ್ದವರು ಬೈಗುಳದ ನಡುವೆಯೇ ಕಣ್ಣು ಮುಚ್ಚಿ, ಮೊರದ ಸಮೇತ ಮೇಲೇಳುತ್ತಿದ್ದರು. ನಾನು ಸೆರಗು ಹಿಡಿದು ಜಗ್ಗಿ ಕೂರಿಸಿದರೆ ಬೈಗುಳ ನಿಲ್ಲಿಸಿದಲ್ಲಿಂದಲೇ ಮುಂದುವರಿಯುತ್ತಿತ್ತು. ಮೊದಮೊದಲು ನಗು ಬರುತ್ತಿತ್ತು. ಒಂದು ದಿನ ಒಲೆಯ ಮುಂದೆ ಹಾಗಾದಾಗ ನಗು ನಿಂತಿತು, ಅಂದಿನಿಂದ ಅವರನ್ನು ಒಲೆಯ ಹತ್ತಿರ ಬಿಡಲಿಲ್ಲ. ನಮ್ಮ ಹಳೆಯ ಡಾಕ್ಟರಿಗೆ ಬಿ.ಪಿ. ಹೇಳಿದೆವು, ಸಕ್ಕರೆ ಹೇಳಿದೆವು, ತಲೆನೋವು ಹೇಳಿದೆವು. ಬೀಳುವ ವಿಷಯ ಹೇಳಲಿಲ್ಲ. ಪಾಪವನ್ನು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ? ಅವರು ಗುಳಿಗೆ ಸೇರಿಸುತ್ತಾ ಹೋದರು.

ಅಷ್ಟರಲ್ಲಿ ನನ್ನ ಮಗಳು ಇಂಚರಳಿಗೆ ಸಂಬಂಧ ಕೂಡಿಬಂತು. ಹುಡುಗ ಪಶುವೈದ್ಯ, ಒಳ್ಳೆಯವನು. ಅವನ ತಾಯಿ ಗಿರಿಜಾಂಬ ಮಾತ್ರ ಬಿಗಿ ಮುಖದ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಮಗನನ್ನು ದಡ ಹತ್ತಿಸಿದವರು. ಮಾತುಕತೆಯ ದಿನ ಅವರು ಕೇಳಿದ್ದು ಒಂದೇ. "ವರದಕ್ಷಿಣೆ ಬೇಡ, ಆಡಂಬರ ಬೇಡ. ನಿದ್ದೆಗಂಟು ಮಾತ್ರ ಹುಡುಗಿಯ ಅಜ್ಜಿ ಕೈಲೇ ಆಗ್ಬೇಕು. ಬೀಳೋರ ಮನೆ ಕಷ್ಟ ಏನು ಅಂತ ನಂಗೊತ್ತು." ಅತ್ತೆ ಎದೆಯುಬ್ಬಿಸಿ, "ನನ್ನ ಮೊಮ್ಮಗಳಿಗೆ ನಾನಲ್ದೆ ಇನ್ಯಾರು ಕಟ್ತಾರೆ?" ಎಂದರು. ನಾನು ಕಾಫಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋಗಿ, ಒಲೆಯ ಕಟ್ಟೆಗೆ ಒರಗಿ ನಿಂತುಬಿಟ್ಟೆ. ಕಲ್ಯಾಣ ಮಂಟಪದ ಮಾಳಿಗೆ ಎರಡಾಳೆತ್ತರ. ಕೆಳಗೆ ಕಲ್ಲಿನ ನೆಲ, ಬರೀ ಚಾಪೆ.

ಹಳೆಯ ಡಾಕ್ಟರು ನಿವೃತ್ತರಾಗಿ ಅವರ ಜಾಗಕ್ಕೆ ಡಾಕ್ಟರ್ ನಫೀಸಾ ಬಂದದ್ದು ಆ ದಿನಗಳಲ್ಲಿ. ಹೊರ ಊರಿನವರು. ಬಂದ ಮೊದಲ ದಿನ ಹಗ್ಗ ಕಟ್ಟಿಕೊಳ್ಳದೆ ಮಲಗಿ, ಬೀರುವಿನ ಮೇಲೆ ಎಚ್ಚರವಾಯಿತೆಂದು ಅವರೇ ನಗುತ್ತಾ ಹೇಳಿದರು. ಅತ್ತೆಯ ಚೀಟಿ ನೋಡಿ, "ಮೂರು ಗುಳಿಗೆ ತಗೊಂಡ್ರೂ ಬಿ.ಪಿ. ಇಳಿದಿಲ್ವಲ್ಲ ಅಮ್ಮ. ನಿದ್ದೆ ಹೇಗೆ ಬರುತ್ತೆ?" ಎಂದು ಕೇಳಿದರು. ಅತ್ತೆ ಗತ್ತಿನಿಂದ, "ತೊಲೆ ಮುಟ್ಟತ್ತೆ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ" ಎಂದರು. ಅಷ್ಟು ಹೇಳಿ, ಡಾಕ್ಟರು ಬರೆಯಲು ತಲೆ ತಗ್ಗಿಸಿದ್ದೇ ತಡ, ತೂಕಡಿಸಿದರು. ಕುರ್ಚಿ ಬಿಟ್ಟು ಮೇಲೇರಿದರು. ಒಂದು ಗೊರಕೆ, ಇನ್ನೊಂದು ಗೊರಕೆ, ಆಮೇಲೆ ಏನೂ ಇಲ್ಲ. ಎದೆ ಏರುತ್ತಿಲ್ಲ, ಇಳಿಯುತ್ತಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು ನೋಡುತ್ತಲೇ ಇದ್ದರು. ಅತ್ತೆ ಧೊಪ್ಪೆಂದು ಮೇಜಿನ ಮೇಲೆ ಬಿದ್ದು, ಗಕ್ಕೆಂದು ಉಸಿರೆಳೆದುಕೊಂಡು, "ಬೆಕ್ಕು" ಎಂದರು.

"ಬೆಕ್ಕಲ್ಲಮ್ಮ, ಗಂಟಲು" ಎಂದರು ಡಾಕ್ಟರು. ಅವರು ಅತ್ತೆಯನ್ನು ಮೇಜಿನಿಂದ ಇಳಿಸಿ ಕೂರಿಸಿ ಹೇಳಿದ್ದು ಇಷ್ಟು. "ನಿಮಗೆ ನಿದ್ದೇಲಿ ಗಂಟಲು ಮುಚ್ಕೊಂಡು ಉಸಿರು ನಿಲ್ಲುತ್ತೆ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತೆ, ಹೃದಯ ಗಾಬರಿಯಾಗಿ ಬಡ್ಕೊಳ್ಳುತ್ತೆ, ಮಿದುಳು ನಿಮ್ಮನ್ನ ಅಲ್ಲಾಡಿಸಿ ಎಬ್ಬಿಸುತ್ತೆ. ಎದ್ರಿ, ಉಸಿರು ಬಂತು. ಮಲಗಿದ್ರಿ, ಮತ್ತೆ ನಿಂತ್ಹೋಯ್ತು. ರಾತ್ರಿಯೆಲ್ಲ ಇದೇ ಕೆಲಸ ಆದ್ರೆ ಹಗಲು ಬಿ.ಪಿ. ಹೇಗೆ ಇಳಿಯುತ್ತೆ? ಸಕ್ಕರೆ ಕಾಯಿಲೆಗೂ ಇದಕ್ಕೂ ನಂಟಿದೆ. ಹೃದಯದ ಕಾಯಿಲೆಗೂ ಲಕ್ವಕ್ಕೂ ಇದೆ. ಮರೆವಿನ ಕಾಯಿಲೆಗೂ ಇರಬಹುದು ಅಂತ ಈಚೆಗೆ ಅಧ್ಯಯನ ಮಾಡಿದೋರು ಹೇಳ್ತಿದಾರೆ. ಹೆಂಗಸರಲ್ಲಂತೂ ಇದು ಗೊತ್ತಾಗೋದೇ ತಡ. ಸುಸ್ತು ಅಂತಾರೆ, ವಯಸ್ಸಾಯ್ತು ಅಂತಾರೆ, ಸುಮ್ಮನಾಗ್ತಾರೆ."

ಅತ್ತೆ ಸೀರೆಯ ಅಂಚು ತೀಡಿದರು. ಆಮೇಲೆ, "ಹಾಗಾದ್ರೆ ಪಾಪ ಅಲ್ವಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಮದುವೆಯಾಗಿ ಬಂದಾಗಿನಿಂದ ನಾನು ಆ ದನಿ ಕೇಳಿಯೇ ಇರಲಿಲ್ಲ. ಇಷ್ಟು ದಿನ ಆ ಸೊಂಟದೆತ್ತರದ ಹಾಸಿಗೆಯ ಮೇಲೆ ಬಿದ್ದೆದ್ದು, ತಾವು ಮಾಡದ ತಪ್ಪನ್ನು ಹುಡುಕುತ್ತಾ ಕೂತಿದ್ದರು ಎಂದು ಆಗ ಹೊಳೆಯಿತು. ನನ್ನ ಕಣ್ಣು ತುಂಬಿಕೊಂಡಿತು. ಅದನ್ನು ಅವರು ನೋಡಿದರೆ ಮನೆಗೆ ಹೋಗುವವರೆಗೂ ಆಡಿಕೊಳ್ಳುತ್ತಾರೆಂದು ಗೋಡೆಯ ಕಡೆ ತಿರುಗಿಕೊಂಡೆ.

ಪರೀಕ್ಷೆಯಾಯಿತು, ಅನುಮಾನ ನಿಜವಾಯಿತು, ಯಂತ್ರ ಬಂತು. ಮೂಗಿಗೆ ಹಾಕಿಕೊಳ್ಳುವ ಮುಖವಾಡ, ಅದಕ್ಕೊಂದು ಕೊಳವೆ, ಕೊಳವೆಯ ತುದಿಯಲ್ಲಿ ಗಾಳಿ ಊದುವ ಡಬ್ಬಿ. ಮುಚ್ಚಿಕೊಳ್ಳುವ ಗಂಟಲನ್ನು ಆ ಗಾಳಿ ತೆರೆದಿಡುತ್ತದೆ. ಅತ್ತೆ ಅದಕ್ಕೆ ಸೊಂಡಿಲು ಎಂದು ಹೆಸರಿಟ್ಟರು. ಮೊದಲ ಮಧ್ಯಾಹ್ನ ಸೊಂಡಿಲು ಹಾಕಿಕೊಂಡು ಮಲಗಿದವರು ಮೇಲೇರಿದರು, ಕೊಳವೆ ಸಾಲದೆ ಡಬ್ಬಿಯೂ ಅವರ ಹಿಂದೆಯೇ ಎದ್ದು, ಊಟಕ್ಕೆ ಬರುತ್ತಿದ್ದ ನನ್ನ ಗಂಡನ ಹಣೆಗೆ ಬಡಿಯಿತು. ಅವರು ಹಣೆ ಉಜ್ಜಿಕೊಂಡು ಅಂಗಡಿಗೆ ಹೋಗಿ, ಹಾಸಿಗೆ ಬಟ್ಟೆಯಲ್ಲೇ ಒಂದು ಚೀಲ ಹೊಲಿದು ತಂದರು. ಬ್ಯಾಟರಿಯ ಸಮೇತ ಡಬ್ಬಿ ಅದರೊಳಗೆ, ಚೀಲ ಅತ್ತೆಯ ಸೊಂಟಕ್ಕೆ. ಮಾರನೆಯ ದಿನ ಅತ್ತೆ ಗೊರಕೆಯಿಲ್ಲದೆ ಮೇಲೇರಿ ತೊಲೆ ಮುಟ್ಟಿದರು. ನಾನು ಅಡುಗೆಮನೆಯಿಂದ ಹತ್ತು ಸಲ ಬಂದು ನೋಡಿದೆ. ಬೀಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಇಳಿದು ಬಂದು, "ಕನಸು ಬಿತ್ತು ಕಣೇ" ಎಂದರು. "ನಮ್ಮತ್ತೆ ಬಂದಿದ್ರು. ಸಾರಿಗೆ ಉಪ್ಪು ಜಾಸ್ತಿ ಅಂತ ಚೆನ್ನಾಗಿ ಬೈದ್ರು. ಎಷ್ಟು ವರ್ಷ ಆಗಿತ್ತು ಬೈಸ್ಕೊಂಡು." ಅವರ ಮುಖ ಮದುವಣಗಿತ್ತಿಯ ಹಾಗೆ ಅರಳಿತ್ತು.

ತಿಂಗಳೆರಡು ಕಳೆಯುವಷ್ಟರಲ್ಲಿ ತಲೆನೋವು ಹೋಯಿತು. ಬಿ.ಪಿ. ಇಳಿದು ಡಾಕ್ಟರು ಒಂದು ಗುಳಿಗೆ ನಿಲ್ಲಿಸಿದರು. ಸಕ್ಕರೆ ಇನ್ನೂ ಹಟ ಮಾಡುತ್ತಿತ್ತು, ಅದಕ್ಕೆ ನಿಧಾನ ಬೇಕು ಎಂದರು. ಬೈಗುಳಗಳು ಮಾತ್ರ ತೂಕಡಿಕೆಯಿಲ್ಲದೆ ಪೂರ್ತಿಯಾಗಿ ಸಿಗತೊಡಗಿದವು. ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ಮದುವೆ ಹತ್ತಿರ ಬಂತು. ಮನೆ ತುಂಬ ನೆಂಟರು ಇಳಿದರು. ಅತ್ತೆ ಸೊಂಡಿಲನ್ನು ಮಡಿಸಿ ಚೀಲದಲ್ಲಿ ಹಾಕಿ, ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟರು. "ಶಾಸ್ತ್ರದ ದಿನವಾದ್ರೂ ಹಾಕ್ಕೊಳ್ಳಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದೆ. "ಬೀಗರ ಮುಂದೆ ಆನೆ ವೇಷ ಹಾಕ್ಕೊಂಡು ಮಲಗೋಕಿಂತ ಸಾಯೋದು ವಾಸಿ" ಎಂದರು. "ಸಾಯೋದೇ ಆಗತ್ತೆ. ಅಷ್ಟೆತ್ತರದಿಂದ ಕಲ್ಲಿನ ಮೇಲೆ ಬಿದ್ರೆ ಮದುವೆ ಮನೇಲಿ ಏನು ಮಾಡ್ಲಿ ನಾನು?" "ಒಂದು ಘಳಿಗೆ ನಿದ್ದೆ ತಾನೆ? ತೊಲೆ ಮುಟ್ಟಿ ಇಳಿದುಬಿಡ್ತೀನಿ." "ಬೇರೆಯವರ ಕೈಲಿ ಕಟ್ಟಿಸೋಣ." ಅದಕ್ಕೆ ಅವರು ಡ್ರಮ್ಮಿನ ಮುಂದೆ ಇನ್ನೊಂದು ಮೂಟೆ ಎಳೆದಿಟ್ಟರು. ಆ ವಾರವೆಲ್ಲ ನೆಂಟರ ನಡುವೆ ಗೋಡೆಗೆ ಒರಗಿ, ನಿದ್ದೆ ಬರದ ಹಾಗೆ ತಮ್ಮ ತೊಡೆಯನ್ನು ತಾವೇ ಚಿವುಟಿಕೊಳ್ಳುತ್ತಾ ಕಳೆದರು. ಕಣ್ಣು ಕೆಂಡವಾಗಿತ್ತು.

ಶಾಸ್ತ್ರದ ದಿನ ನಾನು ತಾಂಬೂಲದ ಬುಟ್ಟಿಯ ಅಡಿಯಲ್ಲಿ ಆ ಚೀಲವನ್ನು ಇಟ್ಟುಕೊಂಡೇ ಮಂಟಪಕ್ಕೆ ಬಂದೆ. ಗಂಡನಿಗೆ, "ರೀ, ಕಣ್ಣು ಮೇಲಿರ್ಲಿ" ಎಂದು ಹೇಳಿ ಅವರನ್ನು ಚಾಪೆಯ ಪಕ್ಕದಲ್ಲೇ ನಿಲ್ಲಿಸಿದೆ. ಅತ್ತೆ ಹಸಿರು ರೇಷ್ಮೆ ಸೀರೆಯುಟ್ಟು ಬಂದು, ಇಂಚರಳ ಬಲಗಾಲಿಗೆ ಹುಡುಗನ ಎಡಗಾಲನ್ನು ಸೇರಿಸಿ ಗಂಟು ಹಾಕಿದರು. ಓಲಗ ನಿಂತಿತು. ಅತ್ತೆ ಚಾಪೆಯ ಮೇಲೆ ಮಲಗಿ ಕಣ್ಣು ಮುಚ್ಚಿದ್ದೇ ಮೇಲೆದ್ದರು. ಆಹಾ, ಎಂಥ ಏರಿಕೆ ಅದು, ಸೀರೆಯ ನಿರಿಗೆ ಕೂಡ ಅಲುಗಲಿಲ್ಲ. ಗಿರಿಜಾಂಬ ಕೈಮುಗಿದರು. ಮಾಳಿಗೆಗೆ ಇನ್ನೊಂದು ಮೊಳ ಇದೆ ಎನ್ನುವಾಗ ಗೊರಕೆ ಶುರುವಾಯಿತು, ಮತ್ತು ನಿಂತಿತು. ನೂರಾರು ಜನ ಅವರು ಎಷ್ಟು ಎತ್ತರ ಹೋದರೆಂದು ನೋಡುತ್ತಿದ್ದರು. ನಾನು ಅವರ ಎದೆ ನೋಡುತ್ತಿದ್ದೆ. ಅದು ಏರಲಿಲ್ಲ. "ಹಿಡೀರಿ" ಎಂದು ಕೂಗಿಕೊಂಡೆ.

ಗಂಡ ಹಾಸಿಗೆ ಅಂಗಡಿಯವರು, ಅಟ್ಟದಿಂದ ಎಸೆದ ಹತ್ತಿಯ ಮೂಟೆಗಳನ್ನು ಹಿಡಿದೂ ಹಿಡಿದೂ ಪಳಗಿದ ತೋಳುಗಳು. ಅವರು ಮುಂದೆ ನುಗ್ಗಿದರು, ನಾನೂ ನುಗ್ಗಿದೆ. ಅತ್ತೆ ನಮ್ಮಿಬ್ಬರ ಮೇಲೆ ಬಿದ್ದರು, ಮೂವರೂ ಸೇರಿ ಚಾಪೆಯ ಮೇಲೆ ಬಿದ್ದೆವು. ನನ್ನ ಬಳೆಗಳೆಲ್ಲ ಚೂರಾದವು. ಅತ್ತೆ ಗಕ್ಕೆಂದು ಉಸಿರೆಳೆದುಕೊಂಡರು. ಯಾರೋ ಹಿಂದಿನಿಂದ, "ಬಿದ್ರು" ಎಂದರು. ಗಿರಿಜಾಂಬ ಎದ್ದು ನಿಂತಿದ್ದರು. ಮುಖ ಬಿಳಿಚಿತ್ತು.

ಅತ್ತೆ ನಿಧಾನವಾಗಿ ಎದ್ದು ಕೂತು, ಸೆರಗು ಸರಿಮಾಡಿಕೊಂಡರು. "ಹೌದು ಕಣ್ರಪ್ಪ, ಬಿದ್ದೆ. ಇವತ್ತೊಂದೇ ದಿನ ಅಲ್ಲ, ವರ್ಷದಿಂದ ಬೀಳ್ತಿದೀನಿ. ಯಾರ ಮನೆ ಹಾಳು ಮಾಡಿಯೂ ಬಿದ್ದಿಲ್ಲ. ನಿದ್ದೇಲಿ ನಂಗೆ ಉಸಿರು ಕಟ್ಟತ್ತೆ, ಅದಕ್ಕೆ ಬೀಳ್ತೀನಿ. ಅದೊಂದು ಕಾಯಿಲೆ, ಅದಕ್ಕೆ ಔಷಧಿ ಇದೆ. ಹಾಕ್ಕೊಳ್ಳೋಕೆ ನಾಚಿಕೆಪಟ್ಟೆ, ಈಗ ಮಗ ಸೊಸೆ ಸೊಂಟ ಮುರಿದೆ." ಆಮೇಲೆ ನನ್ನ ಕಡೆ ತಿರುಗಿ, "ಮಂಗಳ, ತಂದಿರ್ತೀಯ ನೀನು, ನಂಗೊತ್ತು. ತೆಗೆ ಆ ಸೊಂಡಿಲು" ಎಂದರು. ವೀಳ್ಯದೆಲೆ ಅಡಿಕೆಗಳನ್ನು ಸರಿಸಿ ಚೀಲ ಹೊರತೆಗೆದೆ. ನೂರಾರು ಕಣ್ಣುಗಳ ಮುಂದೆ ಅವರು ಮುಖವಾಡ ಕಟ್ಟಿಕೊಂಡರು, ನಾನು ಸೊಂಟಕ್ಕೆ ಚೀಲ ಬಿಗಿದೆ. ಮಕ್ಕಳು ಕಿಸಕ್ಕೆಂದವು. ಅತ್ತೆ ಅವುಗಳತ್ತ ಒಮ್ಮೆ ಕಣ್ಣು ಬಿಟ್ಟು, ಚಾಪೆಯ ಮೇಲೆ ಮತ್ತೆ ಮಲಗಿದರು.

ಏರಿದರು, ಮಾಳಿಗೆ ಮುಟ್ಟಿದರು, ಅಲ್ಲೇ ನಿಂತರು. ಕೆಳಗೆ ಇಂಚರ ಹುಡುಗನ ಕೈ ಹಿಡಿದು, "ನಮ್ಮಜ್ಜಿ ಮುಟ್ಟಿದ್ರು, ನೀವೂ ಕಣ್ಣು ಮುಚ್ಚಿ" ಎಂದಳು. ಇಬ್ಬರೂ ಒಂದೇ ಹಗ್ಗದಲ್ಲಿ ತೇಲಿ ಹೋದರು. ಶಾಸ್ತ್ರ ಮುಗಿಯಿತು, ಹೆಣ್ಣುಗಂಡು ಇಳಿದು ಬಂದರು, ಅತ್ತೆ ಮಾತ್ರ ಇಳಿಯಲಿಲ್ಲ. ಒಂದು ವಾರದ ನಿದ್ದೆ ಬಾಕಿ ಇತ್ತಲ್ಲ. ಅವರು ಇಳಿಯದೆ ಎಲೆ ಹಾಕುವಂತಿಲ್ಲ. ಅಡುಗೆಯವರು ಬಾಗಿಲಲ್ಲಿ ಇಣುಕಿ ಇಣುಕಿ ಹೋದರು. ಹಸಿದ ಗಂಡಸರು ಮಾಳಿಗೆ ನೋಡಿ ಕೆಮ್ಮಿದರು. ಕೊನೆಗೆ ನನ್ನ ಗಂಡ, "ಅವ್ವನ್ನ ಎಬ್ಬಿಸ್ಲಾ?" ಎಂದು ಏಣಿಗೆ ಕೈ ಹಾಕಿದಾಗ, "ಬೇಡ" ಎಂದು ತಡೆದವರು ಗಿರಿಜಾಂಬ. "ಮಲಗ್ಲಿ ಬಿಡಿ. ಎಲೆ ಹಾಕಿ. ಸದ್ದು ಮಾಡ್ಬೇಡಿ."

ನಮ್ಮೂರಿನ ಇತಿಹಾಸದಲ್ಲಿ ಅಂಥ ಮದುವೆ ಊಟ ನಡೆದಿಲ್ಲ. ಸಾರಿನ ಬಕೆಟ್ಟಿಗೆ ಟವೆಲ್ ಸುತ್ತಿದ್ದರು. ಹಪ್ಪಳವನ್ನು ಯಾರೂ ಮುರಿಯಲಿಲ್ಲ, ನೆನೆಸಿಕೊಂಡು ತಿಂದರು. ಪಾಯಸ ಸೊರ್ ಎನಿಸಿದವನನ್ನು ಅವನ ಹೆಂಡತಿ ಮೊಣಕೈಯಿಂದ ತಿವಿದಳು. ನಾನು ಬಡಿಸಿ ಮುಗಿಸಿ, ನೋಯುವ ಸೊಂಟ ಹಿಡಿದುಕೊಂಡು ಕಂಬಕ್ಕೆ ಒರಗಿ ಕೂತೆ. ಗಿರಿಜಾಂಬ ಬಂದು ಪಕ್ಕದಲ್ಲಿ ಕೂತರು. ಬೈಯಲಿಕ್ಕೇ ಬಂದರೆಂದು ನಾನು ಎರಡು ಮಾತು ಸಿದ್ಧ ಮಾಡಿಕೊಂಡೆ.

ಅವರು ಮಾಳಿಗೆಯ ಮೇಲಿನ ಕಣ್ಣು ತೆಗೆಯದೆ, "ನಮ್ಮನೆಯವ್ರೂ ಬೀಳ್ತಿದ್ರು" ಎಂದರು. "ರಾತ್ರಿಯೆಲ್ಲ ಬೀಳೋರು. ಏನು ತಪ್ಪು ಮಾಡಿದೀರಿ, ಯಾರ ಸಹವಾಸ ಮಾಡಿದೀರಿ ಹೇಳಿ ಅಂತ ದಿನಾ ಪೀಡಿಸಿದೆ. ಏನೂ ಇಲ್ಲ ಗಿರಿಜಾ, ಏನೂ ಇಲ್ಲ ಅಂತಿದ್ರು. ನಾನು ನಂಬಲಿಲ್ಲ. ಕಡೇಕಡೆಗೆ ಮಾತು ಬಿಟ್ಟಿದ್ದೆ. ಒಂದಿನ ಬೆಳಗ್ಗೆ ಎಬ್ಬಿಸೋಕೆ ಹೋದ್ರೆ ಹಾರ್ಟ್ ನಿಂತುಹೋಗಿತ್ತು." ನನ್ನ ಎರಡು ಮಾತುಗಳನ್ನೂ ಅಲ್ಲೇ ಬಿಟ್ಟೆ. ಅವರ ಕೈ ಹಿಡಿದುಕೊಂಡೆ. "ಏನೂ ಮಾಡಿರ್ಲಿಲ್ಲ ಅಲ್ವಾ ಅವರು?" ಎಂದರು. "ಇಲ್ಲ, ಬೀಗಿತ್ತಿ" ಎಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಯಂತ್ರ ಆಗ್ಲೂ ಇತ್ತೇನಮ್ಮ?" ಎಂದು ಕೇಳಿದರು.

ಹೊರಗಿನ ಊರುಗಳಲ್ಲಿ ಅದು ನಲವತ್ತು ವರ್ಷದಿಂದ ಇದೆಯಂತೆ, ಡಾಕ್ಟರು ನನಗೆ ಹೇಳಿದ್ದರು. ಅತ್ತೆ ಮೇಲೆ ನೆಮ್ಮದಿಯಾಗಿ ಉಸಿರಾಡುತ್ತಿದ್ದರು. ಅವರ ಸೀರೆಯ ಸೆರಗು ಗಾಳಿಗೆ ಸಣ್ಣಗೆ ಆಡುತ್ತಿತ್ತು. "ಇಲ್ಲ ಗಿರಿಜಮ್ಮ" ಎಂದೆ. "ಇದು ಈಗ ಬಂದಿರೋದು."